ಮುಖ ನಮ್ಮದು, ಭಂಗಿ ಯಾರದು?

ಮೊಗ್ಗಿನ ಜಡೆ ಹಾಕಿಸಿಕೊಂಡು ತೆಗೆಸಿದ ಫೋಟೋ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ, ಹೇಳಿ ನೋಡೋಣ? ಹಿಂದೆ ಒಂದು ನಿಲುವುಗನ್ನಡಿ, ಅದರಲ್ಲಿ ಜಡೆ ಪೂರ್ತಿ ಕಾಣಬೇಕು. ಪಕ್ಕದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ಪರದೆಯ ಮೇಲೆ ನಮ್ಮೂರಲ್ಲಿ ಯಾರೂ ಕಂಡಿರದ ಒಂದು ಸರೋವರ. "ಗಲ್ಲ ಸ್ವಲ್ಪ ಎತ್ತಮ್ಮ, ಅಲ್ಲಾಡಬೇಡ" ಅಂತ ಸ್ಟುಡಿಯೋದವರು ಹೇಳಿದ ಹಾಗೆ ಕೂತಿದ್ದೇ ಕೂತಿದ್ದು. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಅಂದರಂತೂ ಕೇಳುವುದೇ ಬೇಡ. ಮುಖ ನಮ್ಮದು, ಭಂಗಿ ಮಾತ್ರ ಅವರದು.

ಈ ಸಂಗತಿಯನ್ನೇ ಹಿಡಿದುಕೊಂಡು ಮೂವತ್ತು ವರ್ಷಗಳಷ್ಟು ಕಾಲ ಕೆಲಸ ಮಾಡಿದ ಕಲಾವಿದೆಯೊಬ್ಬರು ನಮ್ಮ ಬೆಂಗಳೂರಿನವರೇ ಇದ್ದಾರೆ. ಹೆಸರು ಪುಷ್ಪಮಾಲಾ ಎನ್. 1956ರಲ್ಲಿ ಹುಟ್ಟಿದವರು, ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದಲ್ಲಿ ಜೇಡಿಮಣ್ಣು ಬಿಟ್ಟು ಕ್ಯಾಮೆರಾ ಕಡೆ ತಿರುಗಿದರು. ಹಾಗಂತ ಫೋಟೋ ತೆಗೆಯಲಿಕ್ಕಲ್ಲ, ವೇಷ ಕಟ್ಟಿಕೊಂಡು ಅದರ ಮುಂದೆ ನಿಲ್ಲಲಿಕ್ಕೆ! ಕಥೆ, ಉಡುಪು, ಪರದೆ ಎಲ್ಲ ಇವರ ತೀರ್ಮಾನ. ಗುಂಡಿ ಒತ್ತುವವರು ಬೇರೆ. ಇದಕ್ಕೆ 'ಫೋಟೋ ಪರ್ಫಾರ್ಮೆನ್ಸ್' ಅನ್ನುತ್ತಾರೆ. ಯಕ್ಷಗಾನದ ವೇಷ ಕಟ್ಟಿಕೊಂಡು ನೆಟ್ಟಗೆ ಸ್ಟುಡಿಯೋಕ್ಕೆ ಹೋದ ಹಾಗೆ ಅಂದುಕೊಳ್ಳಿ.

ಮೊದಲು ಮಾಡಿದ್ದು 'ಫ್ಯಾಂಟಮ್ ಲೇಡಿ', 1996ರಿಂದ 98ರವರೆಗೆ, ಬೊಂಬಾಯಿಯ ಬೀದಿಗಳಲ್ಲಿ. ಮುಖವಾಡ ತೊಟ್ಟ ಸಾಹಸಿ ಹೆಂಗಸಿನ ಕಥೆ. 1935ರ 'ಹಂಟರ್‌ವಾಲಿ'ಯಲ್ಲಿ ಚಾವಟಿ ಹಿಡಿದು ಬಂದ ನಾಡಿಯಾ ನೆನಪಿದ್ದವರಿಗೆ ತಟ್ಟನೆ ಗುರುತು ಸಿಗುತ್ತದೆ. ಆಮೇಲೆ 1998ರಲ್ಲಿ 'ಸುನೆಹ್ರೆ ಸಪ್ನೆ', ಅಂದರೆ ಬಂಗಾರದ ಕನಸುಗಳು. ಒಬ್ಬ ಗೃಹಿಣಿ, ಅವಳ ಕನಸಿನಲ್ಲಿ ಬರುವ ಇನ್ನೊಬ್ಬ ಅವಳೇ. ಹಳೆಯ ಕಾಲದಂತೆ ಕಪ್ಪು-ಬಿಳುಪು ಫೋಟೋಗೆ ಕೈಯಿಂದ ಬಣ್ಣ ಹಚ್ಚಿಸಿದ್ದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅರ್ಧ ಗಂಟೆ ಒರಗಿಕೊಂಡಾಗ ನಮ್ಮ ತಲೆಯಲ್ಲಿ ಓಡುವ ಸಿನಿಮಾ ಇದೆಯಲ್ಲ, ಅದೇ ಕಣ್ರೀ.

ಆದರೆ ನಾನು ಹೇಳಬೇಕೆಂದಿದ್ದು ಅದರ ನಂತರದ್ದು. 2000ದಿಂದ 2004ರವರೆಗೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಎಂಬ ದೊಡ್ಡ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ ನಿಮಗೆ ಗೊತ್ತು. 1894ರಲ್ಲಿ ಆತ ಬೊಂಬಾಯಿ ಹತ್ತಿರ ಅಚ್ಚುಕೂಟ ಶುರು ಮಾಡಿದ ಮೇಲೆ ಆ ಲಕ್ಷ್ಮಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೂ ಬಂದಳು, ನಮ್ಮ ದೇವರ ಗೂಡಿಗೂ ಬಂದಳು. ಪುಷ್ಪಮಾಲಾ ಅದೇ ಸೀರೆ, ಅದೇ ಕಮಲ ಎಲ್ಲ ಹೊಂದಿಸಿಕೊಂಡು ತಾವೇ ನಿಂತರು. ಅಚ್ಚಾದ ಚಿತ್ರದಲ್ಲಿ ದೇವಿ ಎಷ್ಟು ಸಲೀಸಾಗಿ ನಿಂತಿದ್ದಾಳೆ! ಜೀವ ಇರುವ ಹೆಂಗಸು ಹಾಗೇ ನಿಂತಾಗ ಭುಜ ನೋಯುತ್ತದೆ ಅನ್ನುವುದು ನೋಡುವವರಿಗೂ ಹೊಳೆಯುತ್ತದೆ.

ಇದೇ ಸರಣಿಯಲ್ಲಿ ಮನಸ್ಸು ಕಲಕುವ ಚಿತ್ರಗಳೂ ಇವೆ. ಬ್ರಿಟಿಷರ ಕಾಲದಲ್ಲಿ ನಮ್ಮ ಜನರನ್ನು ಜಾತಿಬುಡಕಟ್ಟಿನ ಪ್ರಕಾರ ಫೋಟೋ ತೆಗೆದು ವಿಂಗಡಿಸುವ ಹುಚ್ಚಿತ್ತು. 'ದ ಪೀಪಲ್ ಆಫ್ ಇಂಡಿಯಾ' ಅಂತ 1868ರಿಂದ 1875ರವರೆಗೆ ಎಂಟು ಸಂಪುಟಗಳೇ ಬಂದವು. ಇನ್ನು ಕೆಲವರು ಹಿಂದೆ ಚೌಕಳಿ ಪರದೆ ಕಟ್ಟಿ, ಎದುರಿಗೆ ಮನುಷ್ಯರನ್ನು ನಿಲ್ಲಿಸಿ, ದರ್ಜಿಯವನು ಬಟ್ಟೆ ಅಳೆದಂತೆ ತಲೆ, ತೋಳು ಅಳೆದರು. ಆ ಚೌಕದ ಮುಂದೆ ನಿಂತ ಹೆಣ್ಣಿನ ಹೆಸರನ್ನು ಬರೆದಿಡುವ ಗೋಜಿಗೆ ಬಹುಪಾಲು ಯಾರೂ ಹೋಗಲಿಲ್ಲ. ಅಂಥ ಪರದೆಯ ಮುಂದೂ ಪುಷ್ಪಮಾಲಾ ನಿಂತರು. ಓದುಬರಹ ಬಲ್ಲ ಪಟ್ಟಣದ ಹೆಂಗಸು ಬುಡಕಟ್ಟಿನವಳ ವೇಷ ಹಾಕುವುದು ಸರಿಯೇ ಅಂತ ನೀವು ಕೇಳಬಹುದು. ನನಗೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಇವರು ಬೇಕಾದಾಗ ವೇಷ ಕಳಚಿ ಮನೆಗೆ ಹೋಗಬಹುದು. ಆ ತಾಯಿಗೆ ಹಾಗೆ ಹೋಗಲಿಕ್ಕೆ ಬಿಟ್ಟಿದ್ದರೋ ಇಲ್ಲವೋ!

ಇದನ್ನೆಲ್ಲ ಅಡುಗೆ ಪುಟಗಳ ನಡುವೆ ಯಾಕೆ ಬರೆಯುತ್ತಿದ್ದೇನೆ ಅಂತೀರಾ? ಕೇಳಿ. 2004ರಲ್ಲಿ ಅವರು ಮಾಡಿದ ಒಂದು ಚಿಕ್ಕ ವಿಡಿಯೋ ಚಿತ್ರದ ಹೆಸರು 'ರಾಷ್ಟ್ರೀಯ ಖೀರ್ ಅಂಡ್ ದೇಶೀಯ ಸಲಾಡ್'. ಅದಕ್ಕೆ ಆಧಾರ ಅವರ ತಾಯಿಯ ಮತ್ತು ಅತ್ತೆಯ ಅಡುಗೆ ಬರೆದಿಟ್ಟ ಪುಸ್ತಕಗಳು! ಹಳೆಯ ಮೂಕಿ ಚಿತ್ರದ ಧಾಟಿಯಲ್ಲಿ ಒಬ್ಬ ಅಪ್ಪ, ಒಬ್ಬ ಅಮ್ಮ, ಒಬ್ಬ ಮಗ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಾದರಿ ಸಂಸಾರ ಹೀಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರಲ್ಲ, ಅದರ ತಮಾಷೆ. ನಾವು ಎಣ್ಣೆ ಕೈಯಲ್ಲೇ ಗೀಚಿದ 'ಅರ್ಧ ಪಾವು ಕಡಲೆಬೇಳೆ, ಒಂದು ಅಚ್ಚು ಬೆಲ್ಲ' ಕೂಡ ಚರಿತ್ರೆಯ ಕಾಗದ ಅಂತ ಯಾರಾದರೂ ಹಿಂದೆ ಹೇಳಿದ್ದರೇ?

2018ರಲ್ಲಿ ಇನ್ನೊಂದು. ಬೆಂಗಳೂರಿನ ಪತ್ರಕರ್ತೆ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮರುವರ್ಷ ಪುಷ್ಪಮಾಲಾ 'ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು' ಎಂಬ ಕೆಲಸದಲ್ಲಿ ಗೌರಿಯವರ ಸಾರಿನ ವಿಧಾನ ಹಿಡಿದು ಅಡುಗೆಗೆ ನಿಂತರು. ಅರ್ಜೆಂಟ್ ಸಾರು! ಕೆಲಸಕ್ಕೆ ಹೋಗುವ ಯಾವ ಹೆಂಗಸು ಅದನ್ನು ಮಾಡಿಲ್ಲ ಹೇಳಿ. ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುತ್ತಾರೆ, ಇವರು ಸಾರು ಕುದಿಸಿದರು. ನನಗಂತೂ ಅದು ಹೆಚ್ಚು ಅರ್ಥವಾಯಿತು.

ಈಗ ನಿಮ್ಮ ಟ್ರಂಕಿಗೆ ಬನ್ನಿ. ಅಜ್ಜಿಯ, ಅತ್ತೆಯ ಹಳೆಯ ಫೋಟೋ ಇದ್ದರೆ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಿಂದ ಹೆಸರು ಬರೆಯಿರಿ. 'ಶಾನುಭೋಗರ ಹೆಂಡತಿ' ಅಂತಲ್ಲ, ಅವರ ಸ್ವಂತ ಹೆಸರು. ಊರು, ವರ್ಷ ಗೊತ್ತಿದ್ದರೆ ಅದೂ ಇರಲಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದೆ ಎದ್ದು ಕಾಣುತ್ತದೆ. ಗೋಂದು ಹಚ್ಚಿ ಆಲ್ಬಮ್ಮಿಗೆ ಅಂಟಿಸಬೇಡಿ, ಕಾಗದದ ಕವರಿನಲ್ಲಿಡಿ. ಅಡುಗೆ ಪುಸ್ತಕದ ಪುಟಗಳನ್ನು ಮಗನ ಮೊಬೈಲಿನಲ್ಲಿ ಒಂದೊಂದಾಗಿ ತೆಗೆಸಿಡಿ, ಎಣ್ಣೆ ಕಲೆಯ ಸಮೇತ. ಆ ಅಕ್ಷರ ಯಾರದ್ದೆಂದು ಮನೆಯಲ್ಲಿ ಹಿರಿಯರಿರುವಾಗಲೇ ಕೇಳಿ ಬರೆದುಕೊಳ್ಳಿ.