ಅರ್ಧ ಚಾನೆಲ್ ಎಲ್ಲಿ ಹೋಯಿತು?

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಣ್ಣನ ಮನೆಯಲ್ಲಿ ಸಣ್ಣದೊಂದು ಪಂಚಾಯಿತಿ ನಡೆದಿತ್ತು. ತಾರಸಿಯ ಡಿಶ್‌ಗೆ ಜೋಡಿಸಿದ್ದ ಹಳೆಯ ರಿಸೀವರ್ ಅರ್ಧದಷ್ಟು ಚಾನೆಲ್‌ಗಳನ್ನು ಚೆನ್ನಾಗಿಯೇ ತೋರಿಸುತ್ತಿತ್ತು. ಉಳಿದರ್ಧಕ್ಕೆ ‘ಸಿಗ್ನಲ್ ಇಲ್ಲ’ ಎನ್ನುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ ‘ಇದರ ಕಾಲ ಮುಗೀತು, ಹೊಸದು ತಗೊಳ್ಳಿ’ ಎಂದು ಹೇಳಿ ಹೋಗಿದ್ದ. ಅಣ್ಣ ಒಪ್ಪಿದ್ದ. ದ್ವಿತೀಯ ಪಿಯುಸಿ ಓದುವ ಅವನ ಮಗಳು ಒಪ್ಪಿರಲಿಲ್ಲ.

‘ಕೆಟ್ಟರೆ ಪೂರ್ತಿ ಕೆಡಬೇಕಲ್ವಾ ಚಿಕ್ಕಪ್ಪ? ಅರ್ಧ ಯಾಕೆ ಕೆಟ್ಟಿದೆ?’

‘ಪರೀಕ್ಷೆ ಹತ್ತಿರ ಬಂತು, ಇವಳಿಗೆ ಡಬ್ಬಿ ರಿಪೇರಿ’ ಎಂದು ಅಣ್ಣ ಗೊಣಗಿದ. ಆದರೆ ಪ್ರಶ್ನೆ ಸರಿಯಾಗಿತ್ತು. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪೆನ್ಸಿಲ್ ಹಿಡಿ ಎಂದೆ. ಬರುವ ಚಾನೆಲ್‌ಗಳು ಒಂದು ಕಡೆ, ಬಾರದವು ಇನ್ನೊಂದು ಕಡೆ; ರಿಸೀವರಿನ ಮೆನುವಿನಲ್ಲಿ ಪ್ರತಿಯೊಂದರ ಎದುರು ಕಾಣುವ ಅಕ್ಷರವನ್ನೂ ಬರೆಯಲು ಹೇಳಿದೆ. ಹತ್ತು ನಿಮಿಷದಲ್ಲಿ ಗುಟ್ಟು ಹೊರಬಿತ್ತು. ಬರುವ ಚಾನೆಲ್‌ಗಳೆಲ್ಲ ‘ವಿ’, ಬಾರದವೆಲ್ಲ ‘ಎಚ್’.

ಏನಿದು ವಿ ಮತ್ತು ಎಚ್? ಹಗ್ಗದ ಒಂದು ತುದಿಯನ್ನು ಮರಕ್ಕೆ ಕಟ್ಟಿ, ನಡುವೆ ಸರಳಿನ ಕಿಟಕಿಯ ಮೂಲಕ ತೂರಿಸಿ, ಇನ್ನೊಂದು ತುದಿಯನ್ನು ಕುಲುಕಿ ನೋಡಿ. ಸರಳುಗಳು ನೆಟ್ಟಗಿದ್ದರೆ ಮೇಲೆ-ಕೆಳಗೆ ಕುಲುಕಿದ ಅಲೆ ದಾಟುತ್ತದೆ, ಅಡ್ಡಡ್ಡ ಕುಲುಕಿದ್ದು ಸರಳಿಗೆ ಬಡಿದು ಸಾಯುತ್ತದೆ. ರೇಡಿಯೋ ಅಲೆಗಳೂ ಹೀಗೆ ಒಂದು ದಿಕ್ಕು ಹಿಡಿದು ಕಂಪಿಸಬಲ್ಲವು. ಇದೇ ಧ್ರುವೀಕರಣ, ಅಂದರೆ ಪೋಲರೈಸೇಷನ್. ಒಂದೇ ಕಂಪನಾಂಕದಲ್ಲಿ ಲಂಬವಾಗಿ ಒಂದು ಗುಂಪು, ಅಡ್ಡವಾಗಿ ಇನ್ನೊಂದು ಗುಂಪು ಚಾನೆಲ್‌ಗಳನ್ನು ಕಳಿಸಿದರೆ ಒಂದೇ ಹಾದಿಯಲ್ಲಿ ಎರಡು ಪಟ್ಟು ಸರಕು ಸಾಗಿಸಿದಂತೆ. ವರ್ಟಿಕಲ್ ಎಂಬುದೇ ವಿ, ಹಾರಿಜಾಂಟಲ್ ಎಂಬುದೇ ಎಚ್.

ಯಾವುದು ಬೇಕೆಂದು ರಿಸೀವರ್ ಡಿಶ್‌ಗೆ ತಿಳಿಸುವ ಬಗೆ ಜಾಣತನದ್ದು. 1990ರ ದಶಕದ ಕೆಲವು ದೊಡ್ಡ ಡಿಶ್‌ಗಳಲ್ಲಿ ಪುಟ್ಟ ಮೋಟಾರೊಂದು ಒಳಗಿನ ಕಡ್ಡಿಯನ್ನೇ ತಿರುಗಿಸುತ್ತಿತ್ತು. ಆಮೇಲೆ ಬಂದದ್ದು ಸರಳ ಉಪಾಯ. ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಕೂತಿರುವ ಎಲ್‌ಎನ್‌ಬಿಗೆ ಕೇಬಲ್ ಮೂಲಕ 13 ವೋಲ್ಟ್ ಕೊಟ್ಟರೆ ವಿ, 18 ವೋಲ್ಟ್ ಕೊಟ್ಟರೆ ಎಚ್. ಹಾಗಿದ್ದರೆ ನಮ್ಮ ಪೆಟ್ಟಿಗೆಯಿಂದ 18 ವೋಲ್ಟ್ ಬರುತ್ತಿಲ್ಲವೇ? ಕೇಬಲ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆವು. ಸರಿಯಾಗಿ 18 ತೋರಿಸಿತು! ‘ನೋಡಿದ್ರಾ?’ ಎಂದು ಅಣ್ಣ ನಕ್ಕ.

ಹುಡುಗಿಯ ಮುಖ ಸಣ್ಣದಾಯಿತು. ಆದರೆ ಬರಿಗೈಯಲ್ಲಿ ನಿಂತವನ ಶಕ್ತಿ ಗೊತ್ತಾಗುವುದು ಮೂಟೆ ಹೊರಿಸಿದಾಗ ತಾನೆ? ಪೇಟೆಯ ರೇಡಿಯೋ-ಟಿವಿ ರಿಪೇರಿ ಅಂಗಡಿಗೆ ಒಯ್ದೆವು. ಎಲ್‌ಎನ್‌ಬಿ ಜೋಡಿಸಿದ ಕೂಡಲೇ 18 ಜಾರಿ 14ಕ್ಕೆ ಇಳಿಯಿತು. ‘14 ಬಂತು, ಅಂದರೆ ವಿ ಕೇಳುತ್ತಿದ್ದಾರೆ’ ಎಂದು ಎಲ್‌ಎನ್‌ಬಿ ಪಾಪ ನಿಯತ್ತಾಗಿ ವಿ ಕೊಡುತ್ತಿತ್ತು. ಪೆಟ್ಟಿಗೆ ಬಿಚ್ಚಿದರೆ ವಿದ್ಯುತ್ ಪೂರೈಕೆಯ ಭಾಗದಲ್ಲಿ ಒಂದು ಕೆಪಾಸಿಟರಿನ ತಲೆ ಪೂರಿಯಂತೆ ಉಬ್ಬಿತ್ತು. ಇಂಥ ಕೆಪಾಸಿಟರ್‌ಗಳ ಒಳಗಿನ ದ್ರವ ಶಾಖಕ್ಕೆ ವರ್ಷಗಟ್ಟಲೆ ಒಣಗುತ್ತಾ ಬರುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಇದೂ ಒಂದು. ಬದಲಾಯಿಸಲು ಕೂಲಿ ಸೇರಿ ತಗುಲಿದ್ದು ಇಬ್ಬರ ಮಸಾಲೆದೋಸೆಯ ಖರ್ಚು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಎಚ್ಚರಿಕೆ. ಪೆಟ್ಟಿಗೆಯ ಮುಚ್ಚಳವನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿನ ದೊಡ್ಡ ಕೆಪಾಸಿಟರ್ ಸುಮಾರು 325 ವೋಲ್ಟ್‌ನಷ್ಟು ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲದು. ಹೊರಗಿನ ಕೇಬಲ್ಲನ್ನು ಕೂಡ ಸ್ವಿಚ್ ಆರಿಸಿದ ಮೇಲೆಯೇ ಬಿಚ್ಚಬೇಕು, ಜೋಡಿಸಬೇಕು.

ಮನೆಗೆ ತಂದು ಹಾಕಿದಾಗ ಎಚ್ ಚಾನೆಲ್‌ಗಳು ಬಂದವು, ಆದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಗಾಳಿಮಳೆಗೆ ಎಲ್‌ಎನ್‌ಬಿ ತನ್ನ ಹಿಡಿಕೆಯಲ್ಲೇ ತುಸು ತಿರುಗಿಬಿಟ್ಟಿತ್ತು. ಇಲ್ಲಿ ಹುಡುಗಿಯ ಪಠ್ಯಪುಸ್ತಕವೇ ನೆರವಿಗೆ ಬಂತು. ಅಲೆಯ ದಿಕ್ಕಿಗೂ ಹಿಡಿಯುವ ಕಡ್ಡಿಗೂ ನಡುವಿನ ಕೋನದ ಕೊಸೈನ್ ವರ್ಗದಷ್ಟು ಶಕ್ತಿ ಮಾತ್ರ ಸಿಗುತ್ತದೆ ಎನ್ನುವುದು ಮಾಲಸ್ ನಿಯಮ. 10 ಡಿಗ್ರಿ ತಪ್ಪಿದರೆ ನಷ್ಟ ಬರೀ ಶೇ 3. ಆದರೆ ಪಕ್ಕದ ಗುಂಪಿನ ಶೇ 3ರಷ್ಟು ಒಳನುಗ್ಗುತ್ತದೆ, ಗಲಾಟೆ ಅದರದ್ದು. 45 ಡಿಗ್ರಿ ತಪ್ಪಿದರೆ ಇಬ್ಬರೂ ಸಮಬಲರು; ಯಾರ ಮಾತೂ ಕೇಳಿಸದು.

ಹಾಗಾದರೆ ಎಲ್‌ಎನ್‌ಬಿಯನ್ನು ನೆಟ್ಟಗೆ ನಿಲ್ಲಿಸಿದರೆ ಸಾಕಲ್ಲವೇ? ಸಾಲದು. ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ, ನಾವಿರುವುದು ದುಂಡನೆಯ ಭೂಮಿಯ ಇನ್ನೊಂದು ಮಗ್ಗುಲಲ್ಲಿ. ಅದರ ‘ನೆಟ್ಟಗೆ’ ನಮಗೆ ಓರೆ. ಎಷ್ಟು ಓರೆ? ನಮ್ಮ ಮತ್ತು ಉಪಗ್ರಹದ ರೇಖಾಂಶಗಳ ವ್ಯತ್ಯಾಸದ ಸೈನನ್ನು ನಮ್ಮ ಅಕ್ಷಾಂಶದ ಟ್ಯಾನ್‌ನಿಂದ ಭಾಗಿಸಿ. ಬಂದದ್ದು ಓರೆಕೋನದ ಟ್ಯಾನ್. ದೂರದರ್ಶನದ ಉಚಿತ ಡಿಟಿಎಚ್ ಪ್ರಸಾರವನ್ನೇ ತೆಗೆದುಕೊಳ್ಳಿ. ಅದು ಬರುವುದು 2015ರಲ್ಲಿ ಹಾರಿದ ಜಿಸ್ಯಾಟ್-15ರಿಂದ, ಪೂರ್ವ ರೇಖಾಂಶ 93.5 ಡಿಗ್ರಿಯಿಂದ. ಲೆಕ್ಕ ಹಾಕಿದರೆ ಬೀದರ್‌ಗೆ ಸುಮಾರು 40 ಡಿಗ್ರಿ, ಬೆಂಗಳೂರಿಗೆ 50, ಮಂಗಳೂರಿಗೆ 54. ಉಪಗ್ರಹ ನಮಗೆ ಪೂರ್ವಕ್ಕಿರುವುದರಿಂದ, ಡಿಶ್‌ನ ಹಿಂದೆ ನಿಂತು ಆಕಾಶ ನೋಡುವವರು ಎಲ್‌ಎನ್‌ಬಿಯನ್ನು ಅಪ್ರದಕ್ಷಿಣವಾಗಿ ತಿರುಗಿಸಬೇಕು. ನಿಮ್ಮೂರಿನ ಲೆಕ್ಕವನ್ನು ನೀವೇ ಮಾಡಿ ನೋಡಿ.

ಲೆಕ್ಕ ಕೊಡುವುದು ಆರಂಭದ ಜಾಗ ಮಾತ್ರ. ಆಮೇಲೆ ಒಬ್ಬರು ಟಿವಿಯ ಮುಂದೆ, ಒಬ್ಬರು ಡಿಶ್ ಬಳಿ. ಡಿಶ್ ಅಲುಗಿಸದೆ ಎಲ್‌ಎನ್‌ಬಿಯ ಹಿಡಿಕೆ ಮಾತ್ರ ಸಡಿಲಿಸಿ, ಎರಡೆರಡು ಡಿಗ್ರಿಯಂತೆ ತಿರುಗಿಸಿ, ಪ್ರತಿ ಸಲ ನಾಲ್ಕೈದು ಸೆಕೆಂಡು ಕಾಯಬೇಕು. ನೋಡಬೇಕಾದದ್ದು ಸಿಗ್ನಲ್‌ನ ಪ್ರಮಾಣವನ್ನಲ್ಲ, ಗುಣಮಟ್ಟವನ್ನು. ಎರಡೂ ಕಡೆ ಅದು ಕುಸಿಯತೊಡಗುವ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ನಟ್ಟನಡುವೆ ಬಿಗಿ ಮಾಡಿ. ತಾರಸಿಗೆ ತಡೆಗೋಡೆ ಇಲ್ಲದಿದ್ದರೆ ಈ ಕೆಲಸ ಹಿರಿಯರದ್ದು.

ಎಲ್ಲ ಹಳೆಯ ಪೆಟ್ಟಿಗೆಯೂ ಬದುಕುತ್ತದೆಂದಲ್ಲ. ಎಂಪೆಗ್-2 ಮಾತ್ರ ಬಲ್ಲ ರಿಸೀವರಿಗೆ ಎಂಪೆಗ್-4 ಚಾನೆಲ್ ಎಷ್ಟು ರಿಪೇರಿ ಮಾಡಿದರೂ ಅರ್ಥವಾಗದು. ಆಗ ಹೊಸದು ಕೊಳ್ಳುವುದೇ ಸರಿ. ಆದರೆ ಏಕೆ ಕೊಳ್ಳುತ್ತಿದ್ದೇವೆಂದು ತಿಳಿದು ಕೊಳ್ಳೋಣ.

ಆ ಸಂಜೆ ತಾರಸಿಯ ಮೇಲೆ ‘ಈಗ ಬಂತಾ? ಈಗ?’ ಎಂದು ಕೂಗುತ್ತಿದ್ದವನು ನಮ್ಮ ಅಣ್ಣ. ಕೆಳಗೆ ಟಿವಿಯ ಮುಂದೆ ಕೂತು ‘ಇನ್ನೊಂಚೂರು ಎಡಕ್ಕೆ ಅಪ್ಪಾ’ ಎಂದು ನಿರ್ದೇಶನ ಕೊಡುತ್ತಿದ್ದವಳು ಮಗಳು. ಪಕ್ಕದಲ್ಲಿ ಭೌತಶಾಸ್ತ್ರದ ಪುಸ್ತಕ ತೆರೆದೇ ಇತ್ತು. ಪರೀಕ್ಷೆಯ ಓದು ಹಾಳಾಯಿತೆಂದು ಅಣ್ಣ ಆಮೇಲೆ ಗೊಣಗಲಿಲ್ಲ.