ವಿದ್ಯಾಸಾಲದ ಅಹವಾಲು ಕನ್ನಡದಲ್ಲಿಯೇ ಹೋಗಲಿ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದುವು. ಅವುಗಳೊಡನೆ ನಮ್ಮ ಎಮ್ಮಿಗನೂರೂ ಹೋಯಿತು. ಆ ನೋವನ್ನು ನಾವು ಮರೆತಿಲ್ಲ. ಆದರೆ ಇಂದು ನಮ್ಮ ಹೊಸ್ತಿಲಲ್ಲಿ ನಿಂತಿರುವ ಇನ್ನೊಂದು ಪ್ರಶ್ನೆಯುಂಟು: ಮಕ್ಕಳ ವಿದ್ಯೆಗಾಗಿ ಮಾಡಿದ ಸಾಲ.

ನಮ್ಮ ಹಿರಿಯರು ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು. ಕನ್ನಡ ಶಾಲೆಯಲ್ಲಿ ಓದಿದ ತಂದೆ ಇಂದು ಬೇರೆ ಭಾಷೆಯ ಕರಾರುಪತ್ರಕ್ಕೆ ಬಡ್ಡಿಯ ಕಲಮು ತಿಳಿಯದೆ ರುಜು ಹಾಕುತ್ತಾನೆ. ಇವೆರಡಕ್ಕೂ ಭೇದವೇನು? ಮಕ್ಕಳಿಗೆ 'ಮುಂದೆ ಓದಿ' ಎಂದು ಹೇಳಿದ ಉಪಾಧ್ಯಾಯರು ನಾವು. ಹೊಣೆ ನಮ್ಮದೂ ಹೌದು.

ಮೊದಲು ಇರುವ ನಿಯಮವನ್ನು ಅರಿಯೋಣ. 4 ಲಕ್ಷ ರೂಪಾಯಿಯವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕು ಈಡು ಕೇಳತಕ್ಕದ್ದಲ್ಲ. ಅರ್ಜಿದಾರನ ಊರು ಶಾಖೆಯ ವ್ಯಾಪ್ತಿಗೆ ಸೇರಿಲ್ಲವೆಂಬ ನೆಪದಿಂದ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಜರ್ವ್ ಬ್ಯಾಂಕು 2012ರಲ್ಲಿಯೇ ತಿಳಿಸಿದೆ. ವರ್ಷಕ್ಕೆ 4.5 ಲಕ್ಷ ರೂಪಾಯಿ ಮೀರದ ಆದಾಯದ ಮನೆಯ ಮಕ್ಕಳು ವೃತ್ತಿಶಿಕ್ಷಣಕ್ಕೆ ಸೇರಿದರೆ, ವ್ಯಾಸಂಗದ ಕಾಲದ ಹಾಗೂ ಅನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯುಂಟು.

ಕೊರತೆ ಎಲ್ಲಿ? ಆ ವರ್ಷ ಕಳೆಯಿತೆಂದರೆ, ಕೆಲಸ ಸಿಕ್ಕಲಿ ಬಿಡಲಿ, ಬಡ್ಡಿಯ ಭಾರ ಮನೆಯವರ ಹೆಗಲಿಗೇ ಬೀಳುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಈಡೂ ಜಾಮೀನೂ ಇಲ್ಲದೆ ಸಾಲ ಕೊಡಿಸುವುದಾದರೂ, ಅದು ಆಯ್ದ ಶ್ರೇಷ್ಠ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಮಾತ್ರ. ಸಾಮಾನ್ಯ ಕಾಲೇಜಿಗೆ ಹೋಗುವ ರೈತನ ಮಗಳು, ನೇಕಾರನ ಮಗ ಹೊರಗೇ ಉಳಿದರು.

ಆದುದರಿಂದ ನಮ್ಮ ಬೇಡಿಕೆ ಮೂರು: ಕನ್ನಡ ಗ್ರಾಮಗಳಲ್ಲಿ ಕನ್ನಡದ ಕರಾರುಪತ್ರ, ಸಂಪಾದನೆ ಆರಂಭವಾಗುವ ತನಕ ಬಡ್ಡಿ, ಕಂತುಗಳಿಗೆ ತಡೆ, ವಿದ್ಯಾಲಕ್ಷ್ಮಿಯ ಸೌಲಭ್ಯ ಸಾಮಾನ್ಯ ಕಾಲೇಜುಗಳಿಗೂ. ಸಾಲ ತೀರಿಸಲೊಲ್ಲೆವೆಂದು ನಾವು ಹೇಳುತ್ತಿಲ್ಲ. ತೀರಿಸುವ ಶಕ್ತಿ ಬರಲೆಂದು ಕೇಳುತ್ತಿದ್ದೇವೆ.

ಕೇಳುವ ಬಗೆ ಹೀಗೆ. ಬ್ಯಾಂಕು ಸಾಲ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಿರಿ; ಅದಕ್ಕೆ ಶುಲ್ಕವಿಲ್ಲ. ಗ್ರಾಮಸಭೆಯಲ್ಲಿ ಗೊತ್ತುವಳಿ ಮಾಡಿ, ಲೋಕಸಭಾ ಸದಸ್ಯರಿಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿರಿ. ಕನ್ನಡದಲ್ಲಿಯೇ ಬರೆಯಿರಿ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

1938ರಲ್ಲಿ ಮಾಚಾನಿ ಸೋಮಪ್ಪನವರು ಇದೇ ಎಮ್ಮಿಗನೂರಿನಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದರು. ಒಂದೊಂದೇ ಎಳೆಗೆ ಬಲವಿಲ್ಲ, ಹಾಸುಹೊಕ್ಕಾದರೆ ಬಟ್ಟೆ ಎಂಬುದನ್ನು ಈ ಊರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿರಿ. ಮಕ್ಕಳ ಸಾಲದ ಕಾಗದವನ್ನೂ ತನ್ನಿರಿ.