ಜೀವ ಉಳಿಯಿತಲ್ಲ ಎಂಬ ಮಾತಿಗೆ ಒಂದು ತಕರಾರು

ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಗುಣವಾದವರು ತಮ್ಮ ಧ್ವನಿ ಮೊದಲಿನಂತಿಲ್ಲವೆಂದು ಹೇಳಿಕೊಂಡರೆ ನಮ್ಮವರು ಕೊಡುವ ಉತ್ತರ ಒಂದೇ: "ಜೀವ ಉಳಿಯಿತಲ್ಲ, ಧ್ವನಿಯದೇನು ಮಹಾ!" ವೈದ್ಯರು ಇದನ್ನು ನಯವಾಗಿ ಹೇಳುತ್ತಾರೆ, ನೆಂಟರು ಸಾಂತ್ವನವೆಂದುಕೊಂಡು ಹೇಳುತ್ತಾರೆ, ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತವರು ಪಾಯಸ ಸುರಿಯುತ್ತ ಹೇಳುತ್ತಾರೆ. ಕಳೆದ ಎರಡು ವರ್ಷಗಳಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ, ಇದಕ್ಕೆ ಪ್ರತಿಯಾಗಿ ನಾಲ್ಕು ಮಾತು ಬರೆಯದೆ ಇರಲಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ವೈದ್ಯರಾಗಿದ್ದಾರೆ. ಅವರು ಸ್ವಲ್ಪ ಸಹನೆಯಿಂದ ಓದಬೇಕು.

ಮೊದಲಿಗೆ ಆ ಮಾತಿನಲ್ಲಿರುವ ತರ್ಕದೋಷವನ್ನು ನೋಡೋಣ. ಜೀವವೋ ಧ್ವನಿಯೋ ಎಂಬ ಆಯ್ಕೆ ನಿಜವಾಗಿಯೂ ಎದುರಾದರೆ ಯಾರೂ ಜೀವವನ್ನೇ ಆರಿಸಿಕೊಳ್ಳುತ್ತಾರೆ, ಅದರಲ್ಲಿ ವಾದವಿಲ್ಲ. ಆದರೆ ಧ್ವನಿತಂತುವಿನ ಮೇಲೆ ಮಾತ್ರ ಹುಟ್ಟಿ, ಇನ್ನೂ ಹರಡದ ಮೊದಲ ಹಂತದ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಿಕಿರಣದಿಂದಲೇ ಗುಣವಾಗುತ್ತಾರೆ. ಹಾಗೆ ಗುಣವಾದವರು ಹತ್ತು, ಹದಿನೈದು, ಇಪ್ಪತ್ತು ವರ್ಷ ಬದುಕುತ್ತಾರೆ, ಮತ್ತು ಅಷ್ಟೂ ವರ್ಷ ಆ ಧ್ವನಿಯಲ್ಲಿಯೇ ಮಾತನಾಡಬೇಕು. ಜೀವ ಉಳಿಯುವುದು ಬಹುಮಟ್ಟಿಗೆ ಖಚಿತವಾಗಿರುವ ಕಡೆಯಲ್ಲಿಯೇ ಧ್ವನಿಯ ಪ್ರಶ್ನೆ ದೊಡ್ಡದಾಗಬೇಕು. ನಮ್ಮಲ್ಲಿ ಅದು ಅಲ್ಲಿಯೇ ಸಣ್ಣದಾಗುತ್ತದೆ.

ಚರಿತ್ರೆಯೂ ನನ್ನ ಪಕ್ಷದಲ್ಲಿದೆ. 1873ರ ಕೊನೆಯ ದಿನ ವಿಯೆನ್ನಾದಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ. 1920ರ ದಶಕದಲ್ಲಿ ಪ್ಯಾರಿಸ್ಸಿನ ಕುಟಾರ್ ವಿಕಿರಣವನ್ನು ಒಂದೇ ಸಲಕ್ಕೆ ಸುರಿಯದೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ಕೊಟ್ಟು ಗಂಟಲಿನ ಕ್ಯಾನ್ಸರನ್ನು ಗುಣಪಡಿಸಬಹುದೆಂದು ತೋರಿಸಿದ. ಈ ದಾರಿಯನ್ನು ಜಗತ್ತು ಒಪ್ಪಿಕೊಂಡದ್ದೇಕೆ? ಧ್ವನಿಪೆಟ್ಟಿಗೆ ಉಳಿಯುತ್ತದೆ, ಮನುಷ್ಯ ಮಾತನಾಡಬಲ್ಲ ಎಂಬುದಕ್ಕಾಗಿ. ಧ್ವನಿಯೇ ಮುಖ್ಯವಲ್ಲದಿದ್ದರೆ ಇಷ್ಟೆಲ್ಲ ಯಂತ್ರಗಳು ಯಾತಕ್ಕೆ, ಕತ್ತಿಯೇ ಸಾಕಿತ್ತಲ್ಲ?

ನಮ್ಮ ದೊಡ್ಡಣ್ಣನ ವಿಷಯ ಬಂಧುಗಳಿಗೆಲ್ಲ ಗೊತ್ತು. ವಿದ್ಯಾರ್ಥಿಗಳಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಆತ ಕೃಷಿಕ, ಸಂಜೆಯ ಹೊತ್ತು ಗಮಕಿ. ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕುಮಾರವ್ಯಾಸನನ್ನು ಓದುತ್ತಿದ್ದರೆ ತೋಟದಾಚೆಯ ಮನೆಯವರೂ ಕೊಡೆ ಹಿಡಿದು ಬರುತ್ತಿದ್ದರು. ಮೂರು ತಿಂಗಳು ಗಂಟಲು ಒಡೆದಂತಿದ್ದು, ಶೀತವೆಂದು ಕಷಾಯ ಕುಡಿದು, ಕೊನೆಗೆ ಪರೀಕ್ಷೆ ಮಾಡಿಸಿದಾಗ ಎಡ ಧ್ವನಿತಂತುವಿನಲ್ಲಿ ಕ್ಯಾನ್ಸರ್. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ವಿಕಿರಣ. ಮುಖದ ಅಚ್ಚಿನ ಪ್ಲಾಸ್ಟಿಕ್ ಮುಖವಾಡ ತೊಡಿಸಿ, ತಲೆ ಅಲುಗದಂತೆ ಬಿಗಿದು, ಕೆಲವೇ ನಿಮಿಷ. ರೋಗ ಹೋಯಿತು. ಚಿಕಿತ್ಸೆ ಕೊಟ್ಟವರ ನೈಪುಣ್ಯದ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ.

ದೂರಿರುವುದು ಅನಂತರದ್ದರ ಬಗ್ಗೆ. ಭಾಮಿನಿ ಷಟ್ಪದಿಯ ಲೆಕ್ಕ ನಾನು ತರಗತಿಯಲ್ಲಿ ಬೆರಳೆಣಿಸಿ ಕಲಿಸಿದ್ದು ನಿಮಗೆ ನೆನಪಿರಬಹುದು: ಸಣ್ಣ ಸಾಲುಗಳಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23. ಈಗ ಅಣ್ಣ ಮೊದಲೆರಡು ಸಾಲುಗಳನ್ನು ಹೇಗೋ ಮುಗಿಸುತ್ತಾನೆ. ಮೂರನೆಯದರ ನಡುವೆ ಉಸಿರು ಸೋರಿಹೋಗುತ್ತದೆ. ತಾರಸ್ಥಾಯಿಗೆ ಏರಹೋದರೆ ಸ್ವರ ಎರಡಾಗಿ ಸೀಳುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಮಾತ್ರ "ಧ್ವನಿ ತೃಪ್ತಿಕರ" ಎಂದಿದೆ. ಯಾರಿಗೆ ತೃಪ್ತಿ? ಚಿಕಿತ್ಸೆಗೆ ಮೊದಲು ಅವನ ಧ್ವನಿ ಹೇಗಿತ್ತೆಂದು ಯಾರೂ ಮುದ್ರಿಸಿಕೊಳ್ಳಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರವೇಶ ಪರೀಕ್ಷೆಯೇ ಇಲ್ಲದೆ ಪ್ರಗತಿಪತ್ರ ಬರೆಯುವ ಮೇಷ್ಟರನ್ನು ನಾನು ಸೇವೆಯಲ್ಲಿದ್ದಾಗಲೂ ಸಹಿಸಿದವನಲ್ಲ.

ಆಗುವುದೇನೆಂದು ನಾನು ಓದಿ ತಿಳಿದಷ್ಟನ್ನು ಹೇಳುತ್ತೇನೆ. ಧ್ವನಿತಂತುವೆಂದರೆ ವೀಣೆಯ ತಂತಿಯಂಥದ್ದಲ್ಲ. ಒಳಗೆ ಸ್ನಾಯು, ಅದರ ಮೇಲೆ ಲೋಳೆಯಂಥ ಮೃದುವಾದ ಪದರ, ಅದರ ಮೇಲೊಂದು ತೆಳುವಾದ ಹೊದಿಕೆ. ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಈ ಹೊದಿಕೆ ಅಲೆಯಂತೆ ತುಯ್ಯುತ್ತದೆ. ಆ ಅಲೆಯೇ ಕಂಠದ ಮಾಧುರ್ಯ. ವಿಕಿರಣದಿಂದ ಮೊದಲು ಬಾವು ಬರುತ್ತದೆ. ಎರಡು ಮೂರು ವಾರಗಳಾಗುವಾಗ ನುಂಗಲು ನೋವು, ಚಿಕಿತ್ಸೆ ಮುಗಿಯುವ ಹೊತ್ತಿಗೆ ಧ್ವನಿ ಅತ್ಯಂತ ಕೆಡುತ್ತದೆ. ಬಾವು ಇಳಿದಂತೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಬಹಳಷ್ಟು ಮಂದಿಗೆ ರೋಗವಿದ್ದಾಗಿನ ಒಡಕು ಧ್ವನಿಗಿಂತ ಮೇಲಾದದ್ದೇ ದಕ್ಕುತ್ತದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಲೋಳೆ ಸ್ರವಿಸುವ ಗ್ರಂಥಿಗಳು ಒಣಗಿ, ಮೃದು ಪದರ ಬಿರುಸಾದರೆ ಅಲೆ ಕುಂಠಿತವಾಗುತ್ತದೆ. ಆಗ ಮನುಷ್ಯ ಸುಮ್ಮನಿರುವುದಿಲ್ಲ. ಕತ್ತನ್ನು ಬಿಗಿದು, ಧ್ವನಿತಂತುವಿನ ಮೇಲಿನ ಮಡಿಕೆಗಳನ್ನೂ ಒತ್ತಿ ಶಬ್ದ ಹೊರಡಿಸಲು ಕಲಿಯುತ್ತಾನೆ. ಕೆಟ್ಟ ಅಭ್ಯಾಸ ಕುದುರುವುದು ಹೀಗೆ. ಬಿರುಸಾದ ಪದರವನ್ನು ಮೊದಲಿನಂತೆ ಮಾಡುವುದು ಕಷ್ಟ, ಅಭ್ಯಾಸವನ್ನು ತಿದ್ದಬಹುದು. ನನ್ನ ಸಿಟ್ಟೆಲ್ಲ ಈ "ತಿದ್ದಬಹುದು" ಎಂಬಲ್ಲಿಯೇ ಇರುವುದು.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ವಿಕಿರಣ ಮುಗಿಸಿದವರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಧ್ವನಿ ತರಬೇತಿ ಕೊಟ್ಟು ನೋಡಿದ್ದಾರೆ. ತರಬೇತಿ ಪಡೆದವರಿಗೆ ದಿನನಿತ್ಯದ ಮಾತುಕತೆ ಸುಲಭವಾಯಿತು. ಅದೇನೂ ದುಬಾರಿ ವಿದ್ಯೆಯಲ್ಲ: ಉಸಿರಿನ ಹದ, ತುಟಿ ಮುಚ್ಚಿ ಗುನುಗುವುದು, ಕೊಳವೆಯಿಂದ ನೀರಿನೊಳಗೆ ಊದುತ್ತ ಸ್ವರ ಹಿಡಿಯುವುದು. ನಮ್ಮಲ್ಲಿ ಕಲಿಸುವವರಿಲ್ಲವೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ; ಅಲ್ಲಿ ಕಲಿತವರು ದೇಶದ ತುಂಬ ಇದ್ದಾರೆ. ಅಣ್ಣನಿಗೆ ಔಷಧದ ಚೀಟಿಗಳನ್ನು ಕಟ್ಟುಗಟ್ಟಲೆ ಕೊಟ್ಟ ಆಸ್ಪತ್ರೆಯಿಂದ "ವಾಕ್ ಚಿಕಿತ್ಸಕರನ್ನು ಕಾಣಿರಿ" ಎಂಬ ಒಂದು ಸಾಲು ಬರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿ, ನಾವೇ ಹುಡುಕಿಕೊಂಡು ಹೋದೆವು.

ಆಯ್ಕೆಯ ಮಾತೂ ಅಷ್ಟೆ. ಮೊದಲ ಹಂತದ ಇದೇ ರೋಗಕ್ಕೆ ಬಾಯಿಯ ಮೂಲಕ ಲೇಸರ್ ಶಸ್ತ್ರಚಿಕಿತ್ಸೆಯೂ ಇದೆ. ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಫಿನ್ಲೆಂಡಿನಲ್ಲಿ 60 ಮಂದಿ ಗಂಡಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪುಗಳ ಧ್ವನಿ ಒಟ್ಟಾರೆ ಸಮಸಮವಾಗಿತ್ತು. ಲೇಸರ್ ಆದವರಲ್ಲಿ ಗಾಳಿ ಸೋರುವಿಕೆ ಹೆಚ್ಚು, ವಿಕಿರಣ ಪಡೆದವರಿಗೆ ಎರಡು ವರ್ಷಗಳ ಮೇಲೆ ಒಡಕಿನ ಕಾಟ ಕಡಿಮೆ. ಹಾಗಾಗಿ ಅಣ್ಣನಿಗೆ ವಿಕಿರಣವೇ ಸರಿಯಿದ್ದೀತು. ಆದರೆ ಲೇಸರ್ ಒಂದೆರಡು ದಿನದ ಕೆಲಸ, ಬೇಕಾದರೆ ಮತ್ತೆ ಮಾಡಬಹುದು; ವಿಕಿರಣ ಆರು ವಾರ, ಅದೇ ಜಾಗಕ್ಕೆ ಮತ್ತೊಮ್ಮೆ ಕೊಡುವುದು ಸುಲಭವಲ್ಲ. ಇದನ್ನು ರೋಗಿಯ ಮುಂದಿಟ್ಟು "ತಾವು ಏನು ಕೆಲಸ ಮಾಡುತ್ತೀರಿ, ಹಾಡುತ್ತೀರಾ, ಪಾಠ ಹೇಳುತ್ತೀರಾ, ಸಂತೆಯಲ್ಲಿ ಕೂಗಿ ಮಾರುತ್ತೀರಾ" ಎಂದು ಕೇಳಲು ಎಷ್ಟು ಹೊತ್ತು ಬೇಕು? 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೂವತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಫೋನಿನಲ್ಲಿ ಕಷ್ಟವೇ, ಗದ್ದಲದಲ್ಲಿ ಕೇಳಿಸುತ್ತದೆಯೇ, ಜನರಿಂದ ದೂರವಿರುತ್ತೀರಾ ಎಂಬಂಥವು. ಒಟ್ಟು ಅಂಕ 120, ಸೊನ್ನೆ ಪಡೆದವನೇ ಮೊದಲ ದರ್ಜೆ. ಹತ್ತು ನಿಮಿಷದ ಕೆಲಸ.

ಇಲ್ಲಿ ಒಬ್ಬ ಬಂಧು ಎತ್ತಿದ ಆಕ್ಷೇಪವನ್ನು ಬಿಡುವಂತಿಲ್ಲ: "ನಲವತ್ತು ವರ್ಷ ಬೀಡಿ ಸೇದಿದವನಿಗೆ ದೂರುವ ಹಕ್ಕೆಲ್ಲಿ?" ಅಣ್ಣ ಬೀಡಿ ಸೇದುತ್ತಿದ್ದುದು ನಿಜ; ಈ ರೋಗಕ್ಕೆ ತಂಬಾಕಿನ ಹೊಗೆಯೇ ಮುಖ್ಯ ಕಾರಣವೆಂಬುದೂ ನಿಜ. ಚಿಕಿತ್ಸೆಯ ನಡುವೆಯೂ ಬಿಡದವರ ಧ್ವನಿ ಇನ್ನಷ್ಟು ಹಾಳಾಗುತ್ತದೆ, ಆದ್ದರಿಂದ ಬಿಡಿಸಲೇಬೇಕು, ಅಣ್ಣ ಬಿಟ್ಟ. ಆದರೆ ಮರದಿಂದ ಬಿದ್ದು ಕಾಲು ಮುರಿದವನಿಗೆ ಮೂಳೆ ಕೂಡಿಸಿ, "ಹತ್ತಿದ್ದು ನೀನೇ ತಾನೆ, ನಡೆಯಲು ಯಾಕೆ ಕಲಿಸಬೇಕು" ಎನ್ನುವವರುಂಟೆ?

ಮನೆಯವರೂ ಸುಮ್ಮನೆ ನಗಬೇಕಾಗಿಲ್ಲ. ಅಣ್ಣ ಬಾಯಿ ತೆರೆದೊಡನೆ "ನೀವು ಸುಮ್ಮನಿರಿ, ಆಯಾಸವಾಗುತ್ತದೆ" ಎಂದು ವಾಕ್ಯವನ್ನು ತಾವೇ ಮುಗಿಸಿಬಿಡುವವರು ನಮ್ಮಲ್ಲಿ ಕನಿಷ್ಠ ಐದು ಮಂದಿ ಇದ್ದಾರೆ. ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತಾಗುತ್ತದೆ. ಪಿಸುಮಾತಿನಲ್ಲಿ ಹೇಳೆನ್ನುವುದು ಇನ್ನೊಂದು ಉಪಕಾರ. ಬಲವಂತದ ಪಿಸುಮಾತು ಗಂಟಲಿಗೆ ವಿಶ್ರಾಂತಿಯಲ್ಲ, ಅದೂ ಶ್ರಮವೇ. ಮೆಣಸಿನ ಖಾರದ ಕಷಾಯಕ್ಕಿಂತ ಆಗಾಗ ಗುಟುಕು ನೀರು ಮೇಲು. ಟೀವಿ ಆರಿಸಿ, ಎದುರಿಗೆ ಕುಳಿತು, ಅವನು ಮುಗಿಸುವವರೆಗೆ ಕಾಯುವುದು ಎಲ್ಲಕ್ಕಿಂತ ಮೇಲು. ಮತ್ತೊಂದು: ಯಾರಿಗಾದರೂ ಮೂರು ವಾರ ಮೀರಿ ಧ್ವನಿ ಒಡೆದೇ ಇದ್ದರೆ ಕಷಾಯ ಬಿಟ್ಟು ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ನಡೆಯಿರಿ. ಗುಣವಾದವರಲ್ಲಿಯೂ ಸುಧಾರಿಸಿದ ಧ್ವನಿ ಮತ್ತೆ ಕೆಟ್ಟರೆ "ವಿಕಿರಣದ್ದೇ ಇರಬೇಕು" ಎಂದು ಕೂರಬಾರದು. ರೋಗ ಮರುಕಳಿಸಿದ ಸೂಚನೆಯೂ ಆಗಿರಬಹುದು.

ತರಬೇತಿ ಈಗ ಎಂಟನೆಯ ತಿಂಗಳಲ್ಲಿದೆ. ತಡವಾಗಿ ಆರಂಭಿಸಿದ್ದರಿಂದ ಹೆಚ್ಚು ಆಸೆಯಿಡಬೇಡಿರೆಂದು ಚಿಕಿತ್ಸಕಿ ಮೊದಲೇ ಹೇಳಿದ್ದಾರೆ. ಅಣ್ಣ ಶ್ರುತಿಯನ್ನು ಸಾಕಷ್ಟು ಇಳಿಸಿಕೊಂಡು, ಮೂರನೆಯ ಸಾಲನ್ನು ಎಲ್ಲಿ ಮುರಿದರೆ ಅರ್ಥ ಕೆಡದೆಂದು ಗುರುತು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ. ಫೋನ್ ಮಾಡುವವರು ಬೆಳಿಗ್ಗೆ ಹತ್ತು ಗಂಟೆಯೊಳಗೆ ಮಾಡಿ. ಸಂಜೆಯ ಹೊತ್ತಿಗೆ ಅವನ ಧ್ವನಿ ದಣಿದಿರುತ್ತದೆ.